ಹನ್ನೆರಡೂವರೆಯ ಮನೆಯ ಬ್ಯಾಟರಿ

ನಮ್ಮ ಬೀದಿಯಲ್ಲಿ ಅವನಿಗೆ ಹನ್ನೆರಡೂವರೆ ಎಂದೇ ಹೆಸರು. ಕಾರುಗಳ ಎಲೆಕ್ಟ್ರಿಷಿಯನ್. ನನ್ನ ಮನೆಯ ಕೆಳಗಿನ ಶೆಡ್ಡಿನಲ್ಲಿ ಮೂವತ್ತೊಂದು ವರ್ಷದಿಂದ ಕೆಲಸ. ಶೆಡ್ಡಿಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಅವನೂ ಅವನ ಹೆಂಡತಿಯೂ ವಾಸ. ಯಾವ ಕಾರು ಯಾವ ಕಾಯಿಲೆ ಹೇಳಿಕೊಂಡು ಬಂದರೂ ಅವನು ಮೊದಲು ಕೇಳುವುದು ಒಂದೇ ಪ್ರಶ್ನೆ: “ಬ್ಯಾಟರಿ ಹನ್ನೆರಡೂವರೆ ಇದೆಯಾ?” ಹನ್ನೆರಡೂವರೆ ವೋಲ್ಟ್ ಇದ್ದರೆ ಬ್ಯಾಟರಿ ಸರಿಯಿದೆ, ಮುಂದಿನ ಮಾತಾಡಬಹುದು. ಇಲ್ಲದಿದ್ದರೆ ಮುಂದಿನ ಮಾತೇ ಇಲ್ಲ.

ಒಮ್ಮೆ ಒಬ್ಬ ಟ್ಯಾಕ್ಸಿ ಚಾಲಕ ಅಳುಮೋರೆ ಹೊತ್ತು ಬಂದ. ಕಾರಿನ ಮೀಟರ್ ಫಲಕದಲ್ಲಿ ಒಂಬತ್ತು ದೀಪ ಉರಿಯುತ್ತಿದ್ದವು. ಬೇರೆಲ್ಲೋ ತೋರಿಸಿದಾಗ ಬ್ರೇಕಿನ ಕಂಪ್ಯೂಟರ್ ಹೋಗಿದೆ, ಗೇರಿನದೂ ಹೋಗಿದೆ ಎಂದಿದ್ದರಂತೆ. ಹನ್ನೆರಡೂವರೆ ಬಾನೆಟ್ ಎತ್ತಿ, ವೋಲ್ಟ್ ಅಳೆಯುವ ಕೈಮೀಟರಿನ ಎರಡು ತಂತಿ ಬ್ಯಾಟರಿಗೆ ಹಚ್ಚಿ ನಕ್ಕ.

“ಅಣ್ಣಾ, ಈಗಿನ ಕಾರಲ್ಲಿ ಸ್ಟೀರಿಂಗಿಗೊಂದು, ಬ್ರೇಕಿಗೊಂದು, ಗೇರಿಗೊಂದು ಪುಟ್ಟ ಕಂಪ್ಯೂಟರ್ ಇರುತ್ತೆ. ಕೀ ತಿರುಗಿಸಿದಾಗ ಸ್ಟಾರ್ಟರ್ ಮೋಟಾರು ಇದ್ದಬದ್ದದ್ದನ್ನೆಲ್ಲ ಎಳ್ಕೊಳ್ಳುತ್ತೆ. ಬ್ಯಾಟರಿ ಸೋತಿದ್ರೆ ಇವಕ್ಕೆ ಆ ಒಂದು ಕ್ಷಣ ಊಟ ಇಲ್ಲ. ಆಗ ಬ್ರೇಕು ಹೇಳುತ್ತೆ, ಸ್ಟೀರಿಂಗ್ ನನ್ನ ಹತ್ರ ಮಾತಾಡ್ತಿಲ್ಲ ಅಂತ. ಸ್ಟೀರಿಂಗ್ ಹೇಳುತ್ತೆ, ಬ್ರೇಕೇ ಮಾತು ಬಿಟ್ಟಿದೆ ಅಂತ.”

“ಥೇಟ್ ನಮ್ಮನೆ ಥರ,” ಎಂದ ಚಾಲಕ.

“ನಿಮ್ಮನೇಲೂ ಅಷ್ಟೇ. ಮೊದಲು ಊಟ ಹಾಕಿ, ಆಮೇಲೆ ಪಂಚಾಯ್ತಿ.”

ಬ್ಯಾಟರಿ ಬದಲಾಯಿಸಿದ, ದೀಪಗಳೆಲ್ಲ ಆರಿದವು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು. ಅವನ ವಿವರಣೆಯಲ್ಲಿ ತಪ್ಪು ಹುಡುಕಲು ಹಲವು ಸಲ ಪ್ರಯತ್ನಿಸಿದ್ದೇನೆ, ಸಿಕ್ಕಿಲ್ಲ. ಇಂಥವನು ಕಳೆದ ವರ್ಷ ಎರಡು ದಿನ ತನ್ನ ಪ್ರಶ್ನೆಯನ್ನೇ ಮರೆತಿದ್ದ. ಅವನ ಬಗ್ಗೆ ಬರೆಯುವಾಗ ಆ ಎರಡು ದಿನವನ್ನು ಬಿಟ್ಟರೆ ಅರ್ಧ ಮನುಷ್ಯನನ್ನು ಬರೆದಂತೆ.

ಅವನ ಹೆಂಡತಿ ಪರದೆ ಹೊಲಿಯುತ್ತಾಳೆ. ಮನೆಗಳಿಗೆ, ಕಚೇರಿಗಳಿಗೆ ಹೋಗಿ ಕಿಟಕಿ ಅಳತೆ ತೆಗೆದುಕೊಂಡು ಬಂದು, ಹೊಲಿದು, ಹೋಗಿ ನೇತುಹಾಕಿ ಬರುವ ಕೆಲಸ. ಬಟ್ಟೆಯ ಸುರುಳಿ ಆಳುದ್ದ ಇರುತ್ತದೆ. ಬಸ್ಸಿನಲ್ಲಿ ಒಯ್ದರೆ ಕಂಡಕ್ಟರನಿಂದ ಹಿಡಿದು ಕೊನೆಯ ಸೀಟಿನವರ ತನಕ ಎಲ್ಲರ ಬಾಯಿಗೂ ಬೀಳಬೇಕು. ಹಾಗಾಗಿ ಗಂಡನಿಗೆ ಬಿಡುವಾಗುವವರೆಗೆ ಕಾಯುತ್ತಿದ್ದಳು. ಅವನಿಗೆ ಬಿಡುವಾಗುತ್ತಿದ್ದದ್ದು ಅವಳ ಗಿರಾಕಿಗೆ ಸಿಟ್ಟು ಬಂದ ಮೇಲೆ. ಐವತ್ತಾರನೆಯ ವಯಸ್ಸಿಗೆ ಅವಳು ಒಂದು ದಿನ ಕತ್ತರಿ ಕೆಳಗಿಟ್ಟು, “ನಾನೇ ಕಾರು ಕಲೀತೀನಿ” ಎಂದಳು.

ಕಲಿಸಿದವನು ಅವನೇ. ಪರೀಕ್ಷೆಯ ದಿನ ಎರಡು ಸಲ ಹತ್ತಿರ ಬಂತು. ಎರಡು ಸಲವೂ “ಇನ್ನೂ ಕೈ ಕೂತಿಲ್ಲ” ಎಂದು ಮುಂದೂಡಿದ. ಕೊನೆಗೆ ಉಳಿದದ್ದು ಒಂದು ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ಅದು ತಪ್ಪಿದರೆ ಕಲಿಕೆಯ ಲೈಸೆನ್ಸಿನ ಅವಧಿ ಮುಗಿದು ಮತ್ತೆ ಮೊದಲಿನಿಂದ ಶುರು. ಅದೂ ಅಲ್ಲದೆ, ಆ ಮಧ್ಯಾಹ್ನವೇ ಹಲ್ಲಿನ ಆಸ್ಪತ್ರೆಯೊಂದರ ಎಂಟು ಕಿಟಕಿಗೆ ತಾನೇ ಕಾರಿನಲ್ಲಿ ಪರದೆ ತರುತ್ತೇನೆಂದು ಅವಳು ಮಾತು ಕೊಟ್ಟಾಗಿತ್ತು.

ಮಂಗಳವಾರ ಬೆಳಿಗ್ಗೆ ಅವಳು ಮನೆಯ ಕಾರು ಸ್ಟಾರ್ಟ್ ಮಾಡಿದಾಗ ಮೀಟರ್ ಫಲಕದ ತುಂಬ ದೀಪ. ಸ್ಟೀರಿಂಗಿನದು, ಬ್ರೇಕಿನದು, ಏರ್‌ಬ್ಯಾಗಿನದು. ಸ್ಟೀರಿಂಗ್ ಬೇರೆ ಕಲ್ಲಿನ ಹಾಗೆ ಭಾರ. ಎಚ್ಚರಿಕೆಯ ದೀಪ ಉರಿಯುವ ಕಾರಿನಲ್ಲಿ ಪರೀಕ್ಷೆಯ ಅಧಿಕಾರಿ ಕೂರುವುದೇ ಇಲ್ಲ, ಗೇಟಿನಿಂದಲೇ ವಾಪಸ್. ಶೆಡ್ಡಿನಲ್ಲಿ ಬೇರೆ ಕಾರುಗಳು ನಿಂತಿದ್ದವು ನಿಜ, ಆದರೆ ಗಿರಾಕಿಯ ಗಾಡಿಯನ್ನು ಮನೆಯ ಕೆಲಸಕ್ಕೆ ಮುಟ್ಟುವವನಲ್ಲ ಅವನು.

“ಸ್ಟಾರ್ಟ್ ಆಗೋವಾಗ ಎಳೀತಿತ್ತು ರೀ, ಒಂದು ವಾರದಿಂದ,” ಎಂದಳು.

“ನೀನು ಕ್ಲಚ್ ಪೂರ್ತಿ ಒತ್ತಲ್ಲ, ಅದಕ್ಕೆ.”

“ಕಾಲು ಮುರಿಯೋ ಹಾಗೆ ಒತ್ತಿದೀನಿ.”

“ಹಾಗಾದ್ರೆ ಅದೇ. ಜಾಸ್ತಿ ಒತ್ತಿದೀಯ.”

ದೋಷ ಓದುವ ಯಂತ್ರವನ್ನು ನೇರವಾಗಿ ಕಾರಿಗೆ ಚುಚ್ಚಿದ. ಏಳು ದೋಷ ಬಂದವು. ಮಂಗಳವಾರವಿಡೀ ಚಕ್ರದ ಬಳಿಯ ತಂತಿಗಳನ್ನು ಬಿಚ್ಚಿ ಒರೆಸಿ ಕಟ್ಟಿದ. ದೋಷ ಅಳಿಸಿದ, ಮತ್ತೆ ಸ್ಟಾರ್ಟ್ ಮಾಡಿದಾಗ ಏಳರ ಜಾಗದಲ್ಲಿ ಎಂಟು. ಬುಧವಾರ ಬೆಳಿಗ್ಗೆ ಸ್ಟೀರಿಂಗ್ ಕೆಳಗೆ ತಲೆ ತೂರಿಸಿ, ಕಾಲು ಬಾಗಿಲಿನಿಂದ ಹೊರಗೆ ಚಾಚಿ ಎರಡು ಗಂಟೆ ಮಲಗಿದ್ದ. ಎದ್ದು ಬಂದು ಸಾವಿನ ಸುದ್ದಿ ಹೇಳುವ ದನಿಯಲ್ಲಿ, “ಸ್ಟೀರಿಂಗ್ ಯೂನಿಟ್ಟೇ ಹೋಗಿದೆ. ಗುಜರಿಯಲ್ಲಿ ಒಂದು ಇರಬಹುದು” ಎಂದು ಸ್ಕೂಟರ್ ಹತ್ತಿ ಹೊರಟುಹೋದ.

ಅವಳು ಸ್ವಲ್ಪ ಹೊತ್ತು ಪರದೆಗೆ ಕೊಂಡಿ ಹೊಲಿದಳು. ಆಮೇಲೆ ಹೊಲಿಗೆಯ ಸದ್ದು ನಿಂತಿತು. ಮೆಟ್ಟಿಲ ಬುಡದಿಂದ ನನ್ನನ್ನು ಕೂಗಿದಳು.

“ಅಕ್ಕಾ, ಒಂದು ನಿಮಿಷ ಕೆಳಗೆ ಬರ್ತೀರಾ? ಕೀ ತಿರುಗಿಸೋಕೆ ಒಬ್ಬರು ಬೇಕು.”

ಇಳಿದು ಹೋದರೆ, ಬಾನೆಟ್ ಎತ್ತಿತ್ತು. ಗಂಡನ ಮೀಟರ್ ಅವಳ ಕೈಯಲ್ಲಿತ್ತು, ಅಳತೆಪಟ್ಟಿ ಇನ್ನೂ ಕೊರಳಲ್ಲೇ ಇತ್ತು.

“ಇದನ್ನ ಬಳಸೋಕೆ ಬರುತ್ತಾ ನಿನಗೆ?” ಎಂದೆ.

“ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಗೋಡೆಯಾಚೆ ಕೂತು ಮೂವತ್ತೊಂದು ವರ್ಷ ಕೇಳಿದೀನಿ ಅಕ್ಕಾ. ನಿಮ್ಮ ಕಾಲೇಜಲ್ಲಿ ಇಷ್ಟು ವರ್ಷ ಯಾರನ್ನಾದ್ರೂ ಇಟ್ಕೋತಿದ್ರಾ?”

ಚಾಲಕನ ಸೀಟಿನಲ್ಲಿ ಕೂತೆ. ಸುಮ್ಮನಿದ್ದ ಕಾರಿನಲ್ಲಿ ಮೀಟರ್ ತೋರಿಸಿದ್ದು ಹನ್ನೊಂದು ಮುಕ್ಕಾಲು. ಕೀ ತಿರುಗಿಸಿದೆ. ಎಂಜಿನ್ ನರಳಿತು, ಫಲಕದ ದೀಪಗಳೆಲ್ಲ ಒಟ್ಟಿಗೆ ಎದ್ದವು.

“ಎಂಟು!” ಎಂದು ಕೂಗಿದಳು. “ಎಂಟು ವೋಲ್ಟಿಗಿಳೀತು ಅಕ್ಕಾ! ಸೋತಿರೋದು ಬ್ಯಾಟರೀನೇ!” ಕೊರಳಿನ ಅಳತೆಪಟ್ಟಿ ನೆಲಕ್ಕೆ ಬೀಳುವಷ್ಟು ಕುಣಿದಳು. ನಾನೂ ಹಾರ್ನ್ ಒತ್ತಿದೆ. ಅಗತ್ಯವಿರಲಿಲ್ಲ.

ಅವನು ಬಂದದ್ದು ಮಧ್ಯಾಹ್ನ. ಸ್ಕೂಟರಿನ ಹಿಂದೆ ಗೋಣಿಯಲ್ಲಿ ಸುತ್ತಿದ ಸ್ಟೀರಿಂಗ್ ಯೂನಿಟ್. ಮುಖದಲ್ಲಿ ಗೆದ್ದ ಕಳೆ. ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

“ಬ್ಯಾಟರಿ ಹನ್ನೆರಡೂವರೆ ಇದೆಯಾ?” ಎಂದಳು, ಅವನದೇ ಧಾಟಿಯಲ್ಲಿ.

“ಅದು ನಾನೇ ಹಾಕಿದ ಬ್ಯಾಟರಿ ಕಣೇ. ಮೂರು ತಿಂಗಳೂ ಆಗಿಲ್ಲ.”

“ಯಾರು ಹಾಕಿದ್ದು ಅಂತ ಕೇಳಲಿಲ್ಲ. ಎಷ್ಟಿದೆ ಅಂತ ಕೇಳಿದೆ.”

ಅವನು ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ ನೋಡಿದೆ. ಗೋಣಿಯನ್ನು ಮೆಲ್ಲಗೆ ಕೆಳಗಿಳಿಸಿ, ಮೀಟರ್ ತೆಗೆದುಕೊಂಡು ಹೋದ. ಅಂಕಿ ನೋಡಿದ, ಮೀಟರನ್ನು ಅಂಗಿಗೆ ಒರೆಸಿ ಮತ್ತೆ ನೋಡಿದ. ಒರೆಸಿದ್ದಕ್ಕೆ ವೋಲ್ಟ್ ಹೆಚ್ಚಲಿಲ್ಲ.

“ಹೊಸ ಬ್ಯಾಟರಿ ಹೀಗೆ ಬರಿದಾಗೋದು ಹೇಗೆ?” ಎಂದು ತನ್ನಷ್ಟಕ್ಕೆ ಗೊಣಗಿದ. “ಎಲ್ಲೋ ಸೋರ್ತಿದೆ. ಯಾವುದೋ ತಂತಿ...”

“ರೀ, ದಿನಾ ಸಂಜೆ ನನಗೆ ಪಾಠ ಹೇಳಿದ್ದು ಎಲ್ಲಿ?”

“ಇಲ್ಲೇ, ಶೆಡ್ಡಲ್ಲಿ.”

“ಎಂಜಿನ್?”

“ಆರಿಸಿ. ಒಳಗೆಲ್ಲ ಹೊಗೆ ತುಂಬುತ್ತೆ ಅಂತ...” ಅಲ್ಲಿಗೆ ನಿಲ್ಲಿಸಿದ.

ಅವಳು ಬಿಡಲಿಲ್ಲ. ಎಡಗೈ ಬೆರಳು ಮಡಿಸುತ್ತ ಹೋದಳು. “ದೊಡ್ಡ ದೀಪ ಹಾಕು. ಡಿಮ್ ಮಾಡು. ಎಡಕ್ಕೆ ಇಂಡಿಕೇಟರ್. ಬಲಕ್ಕೆ. ವೈಪರ್ ಓಡಿಸು. ಮರೆತೆ ನೋಡು, ಮತ್ತೆ ಮೊದಲಿಂದ. ದಿನಾ ಒಂದು ಗಂಟೆ, ಎರಡು ತಿಂಗಳು.”

ಭಾನುವಾರಗಳಂದು ಮಾತ್ರ ಕಾರು ಹೊರಗೆ ಹೋಗುತ್ತಿತ್ತು, ಹತ್ತಿರದ ಮೈದಾನಕ್ಕೆ. ಅಲ್ಲಿ ಎಂಜಿನ್ ಇಪ್ಪತ್ತು ಸಲ ನಿಲ್ಲುವುದು, ಇಪ್ಪತ್ತು ಸಲ ಮತ್ತೆ ಸ್ಟಾರ್ಟ್ ಮಾಡುವುದು. ಬ್ಯಾಟರಿಯಿಂದ ಖರ್ಚೇ ಹೊರತು ತುಂಬಿಕೊಳ್ಳಲು ಪುರುಸೊತ್ತೇ ಇರಲಿಲ್ಲ. ಊರಿನವರ ಬ್ಯಾಟರಿಗಳ ಗುಟ್ಟು ಬಲ್ಲವನು ತನ್ನದನ್ನು ತಾನೇ, ದಿನಾ ಸಂಜೆ, ಶಿಸ್ತಿನಿಂದ ಬರಿದು ಮಾಡಿದ್ದ.

ಅವನು ಹಳೆಯ ಟಯರಿನ ಮೇಲೆ ಕುಸಿದು ಕೂತ. ಪಾಪ ಅನ್ನುವಷ್ಟರಲ್ಲಿ ಭುಜ ಕುಲುಕತೊಡಗಿತು. ಕೆಮ್ಮು ಬರುವವರೆಗೆ ನಕ್ಕ. “ಮೇಡಂ, ಕಳ್ಳನ್ನ ಹುಡುಕೋಕೆ ಕಳ್ಳನೇ ಹೊರಟಿದ್ದ ನೋಡಿ! ಗುಜರಿಯವನು ಕೂಡ ಕೇಳಿದ, ಬ್ಯಾಟರಿ ನೋಡಿದೆಯಾ ಅಂತ. ನನಗೇ ಹೇಳ್ತೀಯಾ ಅಂತ ಬೈದು ಬಂದೆ!”

“ಈಗ ವಾಪಸ್ ಕೊಡೋಕೆ ಹೋದಾಗ ಅವನೂ ಬೈತಾನೆ, ಬೈಸ್ಕೊಂಡು ಬನ್ನಿ,” ಎಂದಳು. “ಮೊದಲು ಚಾರ್ಜಿಗೆ ಹಾಕಿ. ನಾಳೆ ಹತ್ತು ಗಂಟೆ.”

ಬ್ಯಾಟರಿ ಬಿಚ್ಚಿ ನಿಧಾನ ಚಾರ್ಜಿಗೆ ಹಾಕಿದ. ಅದರ ತುದಿಗಳನ್ನು ಉಜ್ಜಿ ಹೊಳೆಯಿಸಿದ. ಗುರುವಾರ ಬೆಳಿಗ್ಗೆ ಏಳಕ್ಕೆ ಮರಳಿ ಕೂರಿಸಿದಾಗ ಮೀಟರ್ ಹನ್ನೆರಡೂವರೆಗಿಂತ ಒಂದು ಕೂದಲು ಮೇಲೇ ತೋರಿಸಿತು. ದೋಷಗಳನ್ನೆಲ್ಲ ಅಳಿಸಿದ. ಅವಳು ಕೀ ತಿರುಗಿಸಿದಳು. ಎಂಜಿನ್ ಒಂದೇ ಮಾತಿಗೆ ಎದ್ದಿತು. ದೀಪಗಳು ಒಂದೊಂದಾಗಿ ಆರಿದವು. ಸ್ಟೀರಿಂಗಿನದೊಂದು ಮಾತ್ರ ಹಟ ಹಿಡಿದು ಉಳಿಯಿತು.

“ರೀ!”

“ಹೆದರಬೇಡ. ಬ್ಯಾಟರಿ ಬಿಚ್ಚಿದ್ದಕ್ಕೆ ಅದಕ್ಕೆ ಎಡ ಯಾವುದು ಬಲ ಯಾವುದು ಮರೆತಿದೆ. ಪೂರ್ತಿ ಎಡಕ್ಕೆ ತಿರುಗಿಸು. ಈಗ ಪೂರ್ತಿ ಬಲಕ್ಕೆ. ಮಧ್ಯಕ್ಕೆ ತಂದು ಹತ್ತು ಹೆಜ್ಜೆ ಮುಂದೆ ಹೋಗು.”

ಕಾರು ಶೆಡ್ಡಿನ ಬಾಗಿಲು ದಾಟುವಷ್ಟರಲ್ಲಿ ಆ ದೀಪವೂ ಆರಿತು. ಅವನು ಪಕ್ಕದ ಸೀಟಿಗೆ ಓಡಿ ಹತ್ತಬೇಕಾಯಿತು. ಅವಳು ನಿಲ್ಲಿಸುವ ಲಕ್ಷಣ ಕಾಣಲಿಲ್ಲ.

ಪರೀಕ್ಷೆಯ ಅಧಿಕಾರಿ ನಗದ ಮನುಷ್ಯನಂತೆ. ಅವಳು ದೀಪ, ಇಂಡಿಕೇಟರ್, ವೈಪರುಗಳನ್ನು ಕಣ್ಣು ಅತ್ತಿತ್ತ ಕದಲಿಸದೆ, ಹೊಲಿಗೆ ಹಾಕಿದಷ್ಟು ಸಲೀಸಾಗಿ ತೋರಿಸಿದಳಂತೆ. “ಇಷ್ಟು ಚೆನ್ನಾಗಿ ಯಾರು ಕಲಿಸಿದ್ರು?” ಎಂದು ಆತ ಕೇಳಿದಾಗ, “ನಮ್ಮೆಜಮಾನ್ರು, ಎಂಜಿನ್ ಆರಿಸಿ ಕಲಿಸಿದ್ರು” ಎಂದಳಂತೆ. ಆತ ಅದನ್ನು ಜೋಕೆಂದು ತಿಳಿದು ನಕ್ಕ. ಪಾಸಾಯಿತು.

ಹನ್ನೊಂದೂವರೆಗೆ ಕಾರು ಬೀದಿಗೆ ಬಂತು. ಪರದೆಗಳನ್ನು ತುಂಬಿಕೊಂಡರು. ಮಡಿಸಿದವು ಮುಂದಿನ ಸೀಟಿನಲ್ಲಿ, ಸುರುಳಿಗಳು ಹಿಂದೆ. ಸುರುಳಿಗಳ ನಡುವೆ, ಮೊಣಕಾಲು ಗಲ್ಲಕ್ಕೆ ತಾಗುವಂತೆ, ಹನ್ನೆರಡೂವರೆ.

ಅಷ್ಟರಲ್ಲಿ ಶೆಡ್ಡಿನ ಮುಂದೆ ಒಬ್ಬ ಗಿರಾಕಿ ಕಾರು ನಿಲ್ಲಿಸಿ ಇಳಿದ. “ಯಜಮಾನ್ರೇ, ಎಲ್ಲ ಲೈಟೂ ಹತ್ಕೊಂಡಿದೆ, ಬ್ರೇಕ್ ಕಂಪ್ಯೂಟರೇ ಹೋಗಿದೆಯಂತೆ...” ಹಿಂದಿನ ಸೀಟಿನಲ್ಲಿ ಸುರುಳಿಗಳು ಅಲುಗಾಡಿದವು. ಆದರೆ ಅವನ ಬಾಯಿ ತೆರೆಯುವ ಮೊದಲೇ ಅವಳು ಕಿಟಕಿಯ ಗಾಜು ಇಳಿಸಿದ್ದಳು.

“ಬ್ಯಾಟರಿ ಹನ್ನೆರಡೂವರೆ ಇದೆಯಾ?” ಎಂದಳು. “ಒಂದು ಗಂಟೆ ಕೂತಿರಿ, ಬಂದೆವು. ಮೇಲೆ ಅಕ್ಕ ಇದಾರೆ, ನೀರು ಕೊಡ್ತಾರೆ.”

ಬಲಗಡೆಯ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಹೊರಟಳು. ನಾನು ನೀರು ತರಲು ಒಳಗೆ ಹೋದೆ.