ಕಪ್ಪೆ ಹೇಳಿದ ಬಸುರು

ಐವತ್ತರ ದಶಕದಲ್ಲಿ ಹೊಸನಗರದ ಆಸ್ಪತ್ರೆಗೆ ಡಾಕ್ಟರಾಗಿ ಬಂದಾಗ, ಮೈಸೂರಿನಲ್ಲಿ ಓದಿದವನೆಂಬ ಕೊಬ್ಬು ನನಗೆ ಬೇಕಾದಷ್ಟಿತ್ತು. ಜ್ವರಕ್ಕೆ ಮಾತ್ರೆ ಕೇಳಲು ಬಂದವರಿಗೂ ಹಾರ್ಮೋನಿನ ವಿಚಾರ ಹೇಳುತ್ತಿದ್ದೆ. ಪಾಪ, ಅವರು ತಲೆಯಾಡಿಸುತ್ತ ಮಾತ್ರೆಗಾಗಿ ಕಾಯುತ್ತಿದ್ದರು.

ಆಗ ಬಸುರು ಹೌದೋ ಅಲ್ಲವೋ ತಿಳಿಯಲು ಕಪ್ಪೆಯ ಪರೀಕ್ಷೆಯೊಂದಿತ್ತು. ಬಸುರಿಯ ಮೂತ್ರದಲ್ಲಿ ಒಂದು ಹಾರ್ಮೋನು ಇರುತ್ತದೆ. ಆ ಮೂತ್ರವನ್ನು ಗಂಡು ನೆಲಗಪ್ಪೆಯ ಬೆನ್ನಿನ ಚರ್ಮದಡಿ ಚುಚ್ಚಿದರೆ, ಕೆಲವು ಗಂಟೆಗಳಲ್ಲಿ ಕಪ್ಪೆಯ ಮೂತ್ರದಲ್ಲಿ ವೀರ್ಯಾಣುಗಳು ಕಾಣಿಸಿಕೊಳ್ಳುತ್ತವೆ. ಹೆಂಗಸಿನ ಮೈಯೊಳಗಿನ ಸುದ್ದಿಗೆ ಕಪ್ಪೆಯ ಜೀವಕೋಶ ಓಗೊಡುತ್ತದೆ! ಇದನ್ನು ಓದಿ ನನಗೆ ಹುಚ್ಚೇ ಹಿಡಿದಿತ್ತು. ಆದರೆ ಕಪ್ಪೆಗೆ ಚುಚ್ಚಲು ತಮ್ಮ ಸೊಸೆಯ ಮೂತ್ರವನ್ನು ಯಾರು ಕೊಡುತ್ತಾರೆ? ಕೊನೆಗೆ ಸಿಕ್ಕವಳು ನನ್ನ ಹೆಂಡತಿಯೊಬ್ಬಳೇ.

ಮದುವೆಯಾಗಿ ವರ್ಷಗಳು ಕಳೆದರೂ ನಮಗೆ ಮಕ್ಕಳಿರಲಿಲ್ಲ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಅವಳಿಗೆ ಅದೇ ಪ್ರಶ್ನೆ. ಆ ಸಲ ಮಳೆಗಾಲದ ಆರಂಭದಲ್ಲಿ ಅವಳ ತಿಂಗಳು ತಪ್ಪಿತ್ತು. ದೇವರ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಕಪ್ಪೆಯ ಪರೀಕ್ಷೆಗೆ ಮೂತ್ರ ಕೊಡು ಎಂದೆ.

"ಇನ್ನೂ ಸ್ವಲ್ಪ ದಿನ ನೋಡುವ ಮಾರಾಯ್ರೆ," ಅಂದಳು.

"ನೋಡೋದೆಂತದು? ಮಧ್ಯಾಹ್ನದೊಳಗೆ ಹೇಳ್ತೀನಿ," ಅಂದೆ.

ಮೊದಲ ಮಳೆಗೆ ಆಸ್ಪತ್ರೆಯ ಹಿಂದಿನ ಗುಂಡಿ ತುಂಬಿ ಕಪ್ಪೆಗಳ ಗಲಾಟೆಯೋ ಗಲಾಟೆ. ಎಲ್ಲಕ್ಕಿಂತ ಜೋರಾಗಿ ಕೂಗುವುದನ್ನೇ ಆರಿಸಿ ಹಿಡಿದೆ. ದೊಡ್ಡ ಗಂಟಲಿದ್ದವನೇ ಬಲ್ಲವನೆಂದು ನನ್ನ ನಂಬಿಕೆ, ನಾನೂ ಹಾಗೇ ಇದ್ದೆನಲ್ಲ. ಬೆಳಿಗ್ಗೆ ಚುಚ್ಚಿದೆ. ಮಧ್ಯಾಹ್ನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಅಬ್ಬಾ! ಬಾಲದ ವೀರ್ಯಾಣುಗಳು ಮಿಲಮಿಲ ಓಡಾಡುತ್ತಿದ್ದವು. ನಾನು ಕುಣಿಯುವುದೊಂದು ಬಾಕಿ.

ಮನೆಗೆ ಓಡಿ ಹೇಳಿದೆ. ಅವಳು ಸೆರಗು ಬಾಯಿಗೊತ್ತಿಕೊಂಡು "ಸತ್ಯವಾಗ್ಲೂ?" ಅಂದಳು. "ವಿಜ್ಞಾನ ಸುಳ್ಳು ಹೇಳ್ತದೇನೆ?" ಅಂದೆ. ಅಷ್ಟಕ್ಕೆ ಸುಮ್ಮನಿರಬಾರದೇ? ಅವಳ ತವರು ಮೇಳಿಗೆ ಎಂಬ ಊರು. ತೀರ್ಥಹಳ್ಳಿ ಕಡೆಯ ಬಸ್ಸಿನ ಕಂಡಕ್ಟರಿಗೆ, "ನಮ್ಮ ಅತ್ತೆಗೆ ಹೇಳಿಬಿಡು ಮಾರಾಯ, ಮಗಳು ಬಸುರಿ ಅಂತ," ಎಂದು ಹೇಳಿ ಕಳಿಸಿದೆ. ಅವನು ಬಾಗಿಲಲ್ಲಿ ನೇತಾಡುತ್ತಲೇ "ಒಳ್ಳೇದಾಯ್ತು ಡಾಕ್ಟ್ರೇ!" ಎಂದು ಕೂಗಿದ. ಮೇಳಿಗೆ ತಲುಪುವ ಮೊದಲೇ ಬಸ್ಸಿಗೆ ಬಸ್ಸೇ ಸಂತೋಷಪಟ್ಟಿರಬೇಕು.

ವಾರ ಕಳೆದಿರಬಹುದು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಒಲೆ ಹೊತ್ತಿರಲಿಲ್ಲ. ಅವಳು ಹಿಂದಿನ ಜಗಲಿಯಲ್ಲಿ ಚಾಪೆ ಹಾಕಿಕೊಂಡು, ಬೇರೆ ತಟ್ಟೆ ಲೋಟ ಇಟ್ಟುಕೊಂಡು ಕೂತಿದ್ದಳು. ಮುಟ್ಟಾದ ಹೆಂಗಸು ಆಗ ಒಳಗೆ ಬರುವಂತಿರಲಿಲ್ಲ, ಯಾರನ್ನೂ ಮುಟ್ಟುವಂತಿರಲಿಲ್ಲ. ಹಾಗಾಗಿ ಅವಳು ಬಾಯಲ್ಲಿ ಏನೂ ಹೇಳಬೇಕಾಗಿರಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

ಬಸುರು ನಿಂತು ಇಳಿಯಿತೋ, ಇರಲೇ ಇಲ್ಲವೋ? ಹೆಂಡತಿಯ ಹತ್ತಿರ ನಿಂತು ಒಂದು ಮಾತಾಡುವುದು ಬಿಟ್ಟು, ನನ್ನಂಥ ಪುಣ್ಯಾತ್ಮ ಮತ್ತೆ ಕಪ್ಪೆ ಹಿಡಿಯಲು ಓಡಿದ! ಈ ಸಲ ಚುಚ್ಚಿದ್ದು ನನ್ನದೇ ಮೂತ್ರ. ಮಧ್ಯಾಹ್ನ ನೋಡಿದರೆ ಅದೇ ಬಾಲ, ಅದೇ ಓಡಾಟ. ಏನೂ ಚುಚ್ಚದ ಇನ್ನೊಂದು ಕಪ್ಪೆಯಲ್ಲೂ ಅದೇ. ಮಳೆ ಬಿದ್ದರೆ ಕಪ್ಪೆಗೆ ತನ್ನದೇ ಹಾರ್ಮೋನು ಏರುತ್ತದೆ, ಅದರ ಜೀವಕೋಶಗಳು ಅದಕ್ಕೇ ಓಗೊಡುತ್ತವೆ. ನಮ್ಮ ಮನೆಯ ಸುದ್ದಿ ಕಟ್ಟಿಕೊಂಡು ಅವಕ್ಕೇನಾಗಬೇಕು? ಚುಚ್ಚುವ ಮೊದಲು ಕಪ್ಪೆಯನ್ನು ಒಮ್ಮೆ ಪರೀಕ್ಷಿಸಿರಬೇಕೆಂದು ಪುಸ್ತಕದಲ್ಲೇ ಇತ್ತು. ಅವಸರದಲ್ಲಿ ನಾನು ಅದನ್ನು ಹಾರಿಸಿಬಿಟ್ಟಿದ್ದೆ.

ಸಂಜೆ ಮನೆಗೆ ಬಂದರೆ ಮೆಟ್ಟಿಲ ಮೇಲೆ ಒಂದು ಭರಣಿ. ಬಸುರಿಯ ಬಯಕೆಗೆಂದು ಅತ್ತೆ ಅದೇ ಬಸ್ಸಿನಲ್ಲಿ ಕಳಿಸಿದ ಮಾವಿನ ಮಿಡಿ ಉಪ್ಪಿನಕಾಯಿ. ಅದನ್ನು ಹಿಡಿದುಕೊಂಡೇ ಜಗಲಿಗೆ ಹೋಗಿ ಪೆದ್ದನ ಹಾಗೆ ನಿಂತೆ.

"ಅಮ್ಮ ಕಳಿಸಿದ್ದಾ?" ಅಂದಳು.

"ಹೂಂ."

"ಈಗ ಅಮ್ಮಂಗೆ ಯಾರು ಹೇಳೋದು?"

"ನಾಳೆ ನಾನೇ ಹೋಗಿ ಹೇಳ್ತೀನಿ."

"ಎಂತ ಹೇಳ್ತೀರಿ?"

"ಇವತ್ತು ನನ್ನ ಮೂತ್ರ ಚುಚ್ಚಿ ನೋಡ್ದೆ. ಕಪ್ಪೆ ಲೆಕ್ಕದಲ್ಲಿ ನಾನೂ ಬಸುರಿ ಅಂತ ಹೇಳ್ತೀನಿ."

ಅವಳಿಗೆ ನಗು ಬಂತು. ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಅಳತೊಡಗಿದಳು.

"ನಾನು ಹೆಸರೂ ಇಟ್ಟಾಗಿತ್ತು ಮಾರಾಯ್ರೆ," ಅಂದಳು.

ಭರಣಿಯನ್ನು ಕೆಳಗಿಟ್ಟು ಅವಳ ಚಾಪೆಯ ಮೇಲೆ ಹೋಗಿ ಕೂತೆ.

"ಮುಟ್ಬೇಡಿ, ಈ ಹೊತ್ತಲ್ಲಿ ಮೀಯ್ಬೇಕಾಗ್ತದೆ."

"ಮೀಯ್ತೀನಿ ಬಿಡು," ಎಂದು ಅವಳ ಕೈ ಹಿಡಿದುಕೊಂಡೆ. "ಎಂತ ಹೆಸರು?"

ಹೇಳಿದಳು.