ಕಪ್ಪು ಸಂದು

ಪ್ರಯೋಗಾಲಯದಲ್ಲಿ ಅವಳಿಗೆ ‘ಕನ್ನಡಿ ಅಕ್ಕ’ ಎಂಬ ಹೆಸರು. ಕುಲುಮೆಯಿಂದ ಬಂದ ಚೂರುಗಳನ್ನು ಮುಖ ಕಾಣುವಷ್ಟು ಉಜ್ಜುವುದು ಅವಳ ಕೆಲಸ. ಕುಲುಮೆ ನೋಡಿಕೊಳ್ಳುವವನು ಅವಳ ಸ್ವಂತ ಮೈದುನ. ಅಣು ಇಂಧನದ ಬಿಲ್ಲೆಯನ್ನು ಲೋಹದ ಕೊಳವೆಯೊಳಗಿಟ್ಟು, ಕೊಳವೆ ಬಿಲ್ಲೆಗೆ ಅಂಟಿಕೊಳ್ಳುವಂತೆ ಹೊರಗಿನಿಂದ ಒತ್ತಡ ಕೊಟ್ಟು, ಬೆಳ್ಳಗೆ ಕಾಯುವ ತನಕ ಬಿಸಿ ಮಾಡುವುದು ಅವನ ಪಾಲು. ಅಂಥ ಕಾವಿನಲ್ಲಿ ಲೋಹವು ಇಂಧನದ ಆಮ್ಲಜನಕವನ್ನು ಹೀರುತ್ತದೆ, ನಡುವೆ ಹೊಸದೊಂದು ಪದರು ಹುಟ್ಟುತ್ತದೆ. ರಿಯಾಕ್ಟರಿಗೆ ನೀರು ನಿಂತುಹೋದರೆ ಕೊಳವೆ ಎಷ್ಟು ಹೊತ್ತು ತಡೆದೀತು ಎಂದು ಅಂದಾಜು ಮಾಡಲು ಆ ಪದರಿನ ದಪ್ಪ ಬೇಕು.

ಈ ಸಲ ಸೂಕ್ಷ್ಮದರ್ಶಕದಲ್ಲಿ ಪದರೇ ಕಾಣಲಿಲ್ಲ. ಇಂಧನಕ್ಕೂ ಕೊಳವೆಗೂ ನಡುವೆ ಒಂದು ಕಪ್ಪು ಸಂದು, ಅಷ್ಟೆ.

“ಕೊಳವೆ ಬಿಲ್ಲೆಗೆ ತಾಗೇ ಇಲ್ಲ. ಒತ್ತಡ ಕೈಕೊಟ್ಟಿದೆ,” ಎಂದರು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ. ಕುಲುಮೆಯನ್ನು ಬೇರೆಯವರಿಗೆ ವಹಿಸುವ ಮಾತೂ ಬಂತು.

ಸಂಜೆ ಊಟಕ್ಕೆ ಕೂತಾಗ ಮೈದುನನ ಮುಖ ಊದಿಕೊಂಡಿತ್ತು.

“ನಿನ್ನ ಕುಲುಮೆಗಿಂತ ನಮ್ಮನೆ ಒಲೆನೇ ವಾಸಿ ಬಿಡೋ,” ಎಂದು ಅವಳ ಗಂಡ ತಮ್ಮನನ್ನು ರೇಗಿಸಿದ.

“ಸುಮ್ನಿರಣ್ಣ. ಒತ್ತಡದ ಮುಳ್ಳು ಒಂಚೂರೂ ಇಳೀಲಿಲ್ಲ. ಸುಮ್ಸುಮ್ನೆ ನನ್ನ ತಲೆ ಮೇಲೆ ಗೂಬೆ ಕೂರಿಸ್ತಿದಾರೆ. ಅತ್ತಿಗೆ, ನೀವಾದ್ರೂ ಹೇಳಿ!”

ಅತ್ತಿಗೆ ನೀರು ಬಗ್ಗಿಸುತ್ತಿದ್ದಳು. ಲೋಟದಿಂದ ನೀರು ತುಳುಕಿತು. ಕೆಲವು ತಿಂಗಳಿಂದ ಅವಳ ಬಲಗೈ ನಡುಗುತ್ತಿತ್ತು. ಇಂಧನದ ಚೂರುಗಳನ್ನು ಉಜ್ಜುವುದು ಗಾಜಿನ ಪೆಟ್ಟಿಗೆಯೊಳಗೆ, ಅದಕ್ಕೆ ಬಿಗಿದ ದಪ್ಪ ರಬ್ಬರ್ ಕೈಗವಸಿನಲ್ಲಿ ಕೈ ತೂರಿಸಿ. ಅಲ್ಲಿ ನಡುಕ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದನ್ನು ಹತ್ತಿಕ್ಕಲು ಅವಳು ಈಚೆಗೆ ತೋಳಿನ ಭಾರವನ್ನೆಲ್ಲ ಚೂರಿನ ಮೇಲೆ ಹಾಕುತ್ತಿದ್ದಳು. ಹೊಸಬರಿಗೆ “ಬೆಣ್ಣೆ ಮುಟ್ಟಿದ ಹಾಗೆ ಮುಟ್ಟಿ” ಎಂದು ಕಲಿಸಿದವಳೂ ಅವಳೇ. ಆ ಪದರು ಗಾಜಿನಷ್ಟು ಪೆಡಸು. ಒತ್ತಿದರೆ ಪುಡಿಯಾಗಿ ಉದುರುತ್ತದೆ, ಸಂದು ಮಾತ್ರ ಉಳಿಯುತ್ತದೆ.

ಬಾಯಿ ಬಿಟ್ಟರೆ ತನ್ನ ಉಜ್ಜುವ ಮೇಜು ಹೋಗುತ್ತದೆ. ಬಿಡದಿದ್ದರೆ ಅವನ ಕುಲುಮೆ.

ಮರುದಿನ ಅವಳು ಮೈದುನನನ್ನು ಕರೆದುಕೊಂಡು ಮೇಡಂ ಎದುರು ನಿಂತಳು. “ಅದೇ ಕೊಳವೆಯ ಇನ್ನರ್ಧ ಇದೆಯಲ್ಲ, ಅದಕ್ಕೆ ಮೊದಲು ಅಂಟು ತುಂಬಿಸಿ ಗಟ್ಟಿ ಮಾಡೋಣ. ಆಮೇಲೆ ಇವನು ಉಜ್ಜಲಿ.”

“ಇವರಾ? ನೀವಿರುವಾಗ?”

“ಇವನೇ ಆಗಲಿ, ಮೇಡಂ.”

ಅಂಟು ಗಟ್ಟಿಯಾಗಿ ಒಳಗಿನದನ್ನೆಲ್ಲ ಉದುರದಂತೆ ಹಿಡಿದ ಮೇಲೆ ಮೈದುನ ಕೈಗವಸಿಗೆ ಕೈ ತೂರಿಸಿದ. ಅವಳು ಪಕ್ಕದಲ್ಲಿ ನಿಂತು ಹೇಳಿಕೊಟ್ಟಳು.

“ಅತ್ತಿಗೆ, ಇನ್ನೂ ಸ್ವಲ್ಪ ಒತ್ಲಾ?”

“ಒತ್ತಬೇಡ್ವೋ. ನಾನು ಒತ್ತಿ ಹಾಳು ಮಾಡಿದ್ದೇ ಸಾಕು,” ಎಂದವಳೇ ಬಲಗೈಯನ್ನು ಮೇಡಂ ಮುಂದೆ ಚಾಚಿದಳು. ಅದು ತನ್ನ ಪಾಡಿಗೆ ನಡುಗುತ್ತಿತ್ತು.

ಸೂಕ್ಷ್ಮದರ್ಶಕದಲ್ಲಿ ಈಗ ಸಂದು ಇರಲಿಲ್ಲ. ಅದಿದ್ದ ಜಾಗದಲ್ಲಿ ಪದರು ಹೊಳೆಯುತ್ತಿತ್ತು. ಮೇಡಂ ಬಹಳ ಹೊತ್ತು ನೋಡಿ, “ಕುಲುಮೆ ಸರಿಯಾಗೇ ಇದೆ,” ಎಂದರು. ಆಮೇಲೆ ಮೆಲ್ಲಗೆ, “ಮೇಜಿಗೆ ಬೇರೆಯವರನ್ನ ನೋಡ್ಬೇಕಾಗುತ್ತಲ್ಲ,” ಎಂದರು.

“ನೋಡಿ. ಸಿಗೋವರೆಗೆ ನಾನು ಪಕ್ಕದಲ್ಲಿ ನಿಂತು ಬೈತಿರ್ತೀನಿ.”

ಅಂದು ಊಟಕ್ಕೆ ನೀರು ಬಗ್ಗಿಸಿದವನು ಮೈದುನ. ಅವಳ ಲೋಟಕ್ಕೆ ಅರ್ಧವೇ ಹಾಕಿದ.

“ಏನೋ ಇದು, ಮನೇಲಿ ನೀರಿಗೂ ಬರ ಬಂತಾ?”

“ಕುಡೀರಿ ಅತ್ತಿಗೆ. ಮತ್ತೆ ಹಾಕೋಕೆ ನಾನಿಲ್ವಾ?”