ಕುಂಟೋದು ನಾನು, ಮುತ್ತು ಅವನಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊಟದ ಮೇಜಿನ ಒಂದು ತುದಿಯಲ್ಲಿ ಈಕೆ, ಇನ್ನೊಂದು ತುದಿಯಲ್ಲಿ ಈಕೆಯ ಗಂಡ. ಈಕೆಯ ಮುಂದೆ ಬೆನ್ನು ಬಿಟ್ಟುಹೋದ ಇಂಗ್ಲಿಷ್ ಕಾದಂಬರಿ, ಬಿಳಿ ಹಾಳೆಯ ಕಟ್ಟು, ಎರಡು ಪೆನ್ನು. ಗಂಡನ ಮುಂದೆ ಆರುತ್ತಿರುವ ಕಾಫಿ. ನಡುವೆ, ಈಕೆಯ ಬಗ್ಗೆ ಲೇಖನ ಬರೆಯಲು ಬಂದ ನಾನು.

"ರೀ, ಇನ್ನೊಂದ್ಸಲ ಎದ್ದು ತೋರ್ಸಿ."

"ಈಗ್ತಾನೆ ತೋರಿಸಿದ್ನಲ್ಲೆ."

"ಕೋಲು ಮೊದಲು ಊರ್ತೀರೋ, ಮೇಜು ಮೊದಲು ಹಿಡೀತೀರೋ, ಗೊತ್ತಾಗ್ಲಿಲ್ಲ."

ಗಂಡ ಏಳುತ್ತಾರೆ. ಮೊದಲು ಮೇಜು, ಆಮೇಲೆ ಕೋಲು, ಕೊನೆಗೆ ಎಡಗಾಲನ್ನು ಹಿಂದಿನಿಂದ ಎಳೆದುಕೊಳ್ಳುವುದು. ಈಕೆ ಕಣ್ಣು ಕಿರಿದು ಮಾಡಿ ನೋಡಿ, ಸರಸರನೆ ಬರೆಯುತ್ತಾರೆ. ನಮ್ಮ ಎದುರು ಎದ್ದು ನಿಂತದ್ದು ಲುಂಗಿ ಉಟ್ಟ ಲಿಫ್ಟ್ ಮೆಕ್ಯಾನಿಕ್. ಹಾಳೆಯ ಮೇಲೆ ಎದ್ದು ನಿಂತದ್ದು ಯುದ್ಧದಿಂದ ಮರಳಿದ ಕ್ಯಾಪ್ಟನ್. ಕೋಣೆಯೊಳಗೆ ಬಂದ ಹೆಣ್ಣಿಗೆ ತನ್ನ ನೋವು ಕಾಣಬಾರದೆಂದು ಅವನು ಹಲ್ಲು ಕಚ್ಚಿಕೊಂಡಿದ್ದಾನೆ.

"ನೋಡಿದ್ರಲ್ಲ ಮೇಡಂ," ಎಂದು ಗಂಡ ನನ್ನತ್ತ ತಿರುಗುತ್ತಾರೆ. "ಕುಂಟೋದು ನಾನು, ಮುತ್ತು ಅವನಿಗೆ."

ಅವರು ತಮಾಷೆಗೆ ಹೇಳುತ್ತಿಲ್ಲ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ಈಕೆ ಅನುವಾದಕಿ. ಇಂಗ್ಲೆಂಡಿನ ರೀಜೆನ್ಸಿ ಕಾಲದ, ಅಂದರೆ ಸುಮಾರು ಇನ್ನೂರು ವರ್ಷ ಹಿಂದೆ ರಾಜನಿಗೆ ಬುದ್ಧಿ ಕೆಟ್ಟು ಮಗ ಆಳುತ್ತಿದ್ದ ದಿನಗಳ ಪ್ರೇಮ ಕಾದಂಬರಿಗಳನ್ನು ನಮ್ಮ ಭಾಷೆಗೆ ತರುತ್ತಾರೆ. ಡ್ಯೂಕುಗಳು, ಸಾರೋಟುಗಳು, ನೃತ್ಯಕೂಟಗಳು, ಕೈಗವಸಿನೊಳಗೆ ಬಚ್ಚಿಟ್ಟ ಚೀಟಿಗಳು. ರಕ್ಷಾಪುಟದ ಮೇಲೆ ಈಕೆಯ ಹೆಸರಿಲ್ಲ, ಒಳಗೂ ಇಲ್ಲ. ಅಚ್ಚಿನ ಮನೆಯವರು ಪ್ರೀತಿಯಿಂದ ಕರೆಯುವ ಹೆಸರೊಂದು ಮಾತ್ರ ಇದೆ: ಬ್ಯಾಂಡೇಜಕ್ಕ. ಏಕೆಂದರೆ ಈಕೆಯ ಕೈಗೆ ಬರುವ ನಾಯಕರೆಲ್ಲ ಗಾಯಾಳುಗಳೇ. ಒಬ್ಬನಿಗೆ ಕಣ್ಣಿಲ್ಲ, ಇನ್ನೊಬ್ಬನಿಗೆ ತೋಳಿಲ್ಲ, ಮತ್ತೊಬ್ಬ ಮೈ ಪೂರಾ ನೆಟ್ಟಗಿದ್ದರೂ ಬಾಗಿಲು ಜೋರಾಗಿ ಬಡಿದರೆ ಮಂಚದ ಕೆಳಗೆ ಹೋಗುತ್ತಾನೆ. ಗಾಯವಿಲ್ಲದ ನಾಯಕನ ಪುಸ್ತಕ ಅಂಗಡಿಯಲ್ಲಿ ಧೂಳು ತಿನ್ನುತ್ತದೆ ಎಂದು ಪ್ರಕಾಶಕರು ಕಂಡುಕೊಂಡು ವರ್ಷಗಳಾದವು.

ಇಲ್ಲಿ ನನ್ನ ಹೊಟ್ಟೆಯಲ್ಲಿರುವುದನ್ನೂ ಹೇಳಿಬಿಡುತ್ತೇನೆ. ನನ್ನ ಹೆಸರು ದಪ್ಪಕ್ಷರದಲ್ಲಿರುವ ಎರಡು ಪ್ರಬಂಧ ಸಂಕಲನಗಳಿವೆ. ನನ್ನ ಹೆತ್ತ ತಾಯಿಯೇ ಮೊದಲನೆಯದರ ಹದಿನೈದನೇ ಪುಟ ದಾಟಿಲ್ಲ. ಅದೇ ತಾಯಿ ಹೆಸರೇ ಇಲ್ಲದ ಈ ಹೆಂಗಸಿನ ಕ್ಯಾಪ್ಟನ್ನುಗಳನ್ನು ಒಲೆಯ ಮೇಲೆ ಹಾಲಿಟ್ಟು ಮರೆತು ಓದುತ್ತಾಳೆ. ಈ ಲೇಖನಕ್ಕೆ ನಾನು ಹೊರಟದ್ದು ಅರ್ಧ ಗೌರವದಿಂದ, ಅರ್ಧ ಹೊಟ್ಟೆಕಿಚ್ಚಿನಿಂದ.

ಇಷ್ಟಕ್ಕೂ ಆ ಗಾಯದಲ್ಲಿ ಏನಿದೆ? ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರನ್ನು ಕೇಳಿದೆ. ಕಂಕುಳಲ್ಲಿ ಮೂರು ಪುಸ್ತಕ ಅವುಚಿಕೊಂಡೇ ಉತ್ತರ ಕೊಟ್ಟರು. "ನಮ್ಮನೆಯವರಿಗೆ ನೆಗಡಿ ಆದ್ರೆ ಲೋಕವೇ ಮುಳುಗಿಹೋಗುತ್ತೆ. ಇವನು ಗುಂಡು ತಿಂದ್ಕೊಂಡು ಬಂದು, ನಿಮಗೆ ತೊಂದರೆ ಕೊಟ್ಟೆ, ಕ್ಷಮಿಸಿ ಅಂತಾನೆ. ಇನ್ನೇನು ಬೇಕು?"

ಅನುವಾದಕಿಯ ಉತ್ತರ ಬೇರೆ. ಪೆನ್ನಿನ ಮುಚ್ಚಳ ಹಾಕಿ, ಯೋಚಿಸಿ ಹೇಳುತ್ತಾರೆ. "ಡ್ಯೂಕ್ ಅಂದ್ರೆ ಎಲ್ಲಾ ಇರೋನು. ಅಂಥವನಿಗೆ ನಮ್ಮ ಬಡ ಹುಡುಗಿ ಯಾಕೆ ಬೇಕು ಹೇಳಿ. ಮನೆ ತುಂಬ ಆಳುಗಳು, ಮುಖದ ಮೇಲೆ ಗತ್ತು. ಒಂದು ಕಾಲು ಮುರೀತು ಅಂದ್ಕೊಳ್ಳಿ, ಆಗ ಒಳಗಿನ ಬಾಗಿಲು ತೆಗೀತಾನೆ. ಬಿಸಿನೀರು ತಂದು ಗಾಯ ತೊಳೆಯೋಳ ಎದುರಿಗೆ ಎಷ್ಟು ದಿನ ಗತ್ತು ಮಾಡ್ತಾನೆ?"

"ಆಳು ಇದ್ರೆ ನಾನೂ ಗತ್ತು ಮಾಡ್ತಿದ್ದೆ," ಎಂದು ಗಂಡ ಕಾಫಿಯೊಳಗೆ ಗೊಣಗುತ್ತಾರೆ.

ಈಕೆ ಮೊದಲು ಅನುವಾದ ಮಾಡುತ್ತಿದ್ದುದು ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಜೊತೆ ಬರುವ ಕೈಪಿಡಿಗಳನ್ನು. ಆರು ವರ್ಷದ ಹಿಂದೆ ಗಂಡ ಲಿಫ್ಟಿನ ಗುಂಡಿಗೆ ಬಿದ್ದರು. ಎಡಗಾಲು ಎರಡು ಕಡೆ ಮುರಿಯಿತು. ಮನೆ ನಡೆಯಬೇಕಲ್ಲ, ಸಿಕ್ಕಿದ ಕೆಲಸಕ್ಕೆಲ್ಲ ಈಕೆ ಒಪ್ಪಿಕೊಂಡರು. ಆ ರಾಶಿಯಲ್ಲಿ ಒಂದು ಕಾದಂಬರಿಯೂ ಬಂತು. ಈಗ ದಿನಕ್ಕೆ ಎಂಟು ಪುಟ, ಎಲ್ಲವೂ ಮುಂಜಾನೆಯೇ. ಮುಗಿಸಿ, ತಲೆ ಬಾಚಿ, ಕನ್ನಡಕದ ಅಂಗಡಿಯ ಕೌಂಟರಿಗೆ ಹೋದರೆ ಬರುವುದು ಸಂಜೆಗೆ. ಗಂಡ ಮನೆಯಲ್ಲೇ ಕುಳಿತು ಕೆಟ್ಟ ಫ್ಯಾನು, ಪಂಪುಗಳನ್ನು ರಿಪೇರಿ ಮಾಡುತ್ತಾರೆ. ಬಿಡುವಾದಾಗ ಹೆಂಡತಿಯ ಬೆಳಗಿನ ಹಾಳೆಗಳನ್ನು ತಿರುವಿ ಹಾಕುತ್ತಾರೆ. ಈಕೆಯ ಮೊದಲ ಓದುಗ ಅವರೇ, ಅತ್ಯಂತ ಕೆಟ್ಟ ಓದುಗನೂ ಅವರೇ.

"ಆ ಕ್ಯಾಪ್ಟನ್‌ಗೆ ಪಟ್ಟಿ ಒಳಗೆ ತುರಿಕೆ ಇಲ್ವಾ ಮೇಡಂ? ಮೂರು ತಿಂಗಳು ಮಲಗಿದಾನೆ, ಬೆನ್ನು ಹುಣ್ಣಾಗಲ್ಲ. ಬಚ್ಚಲಿಗೂ ಹೋಗಲ್ಲ. ಇವಳು ಅವನ ಹಣೆ ಮೇಲಿನ ಕೂದಲು ಮಾತ್ರ ಸರಿಸ್ತಾಳೆ."

"ನಾನಲ್ಲ, ಪುಸ್ತಕದಲ್ಲಿರೋಳು ಸರಿಸ್ತಾಳೆ," ಎನ್ನುತ್ತಾರೆ ಈಕೆ.

"ಬರೆಯೋಳು ನೀನಲ್ವಾ?"

ಒಮ್ಮೆ ಗಂಡನ ಕಾಟ ತಾಳಲಾರದೆ ಈಕೆ ನಾಯಕನಿಗೆ ನಾಲ್ಕು ಸಾಲಿನ ತುರಿಕೆ ಸೇರಿಸಿದ್ದರಂತೆ. ಪ್ರಕಾಶಕರು ಅದನ್ನು ಹೊಡೆದುಹಾಕಿದರು. ಗಂಡ ಎರಡು ದಿನ ಮುಖ ಊದಿಸಿಕೊಂಡು ಕುಳಿತಿದ್ದರು. ಹೆಂಡತಿ ಪುಟ ಮಡಚಿಟ್ಟು ಎದ್ದರೆ, ಅವರು ಬೇಕೆಂದೇ ಆ ಮಡಿಕೆ ಬಿಡಿಸಿಡುವುದೂ ಉಂಟು.

ಇದೆಲ್ಲ ನಗುವ ಮಾತು. ನಗಲಾಗದ ಮಾತೊಂದು ಈ ಮನೆಯಲ್ಲಿದೆ. ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡಿದೆ. ಮತ್ತೆ ಬಿಡಿಸಿ ನೇರ ಮಾಡಿದರೆ ಕೋಲು ಬಿಡಬಹುದು, ಹಾಗೇ ಬಿಟ್ಟರೆ ಸೊಂಟವೂ ಕೆಡುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಎರಡು ಸಲ ದಿನ ಗೊತ್ತಾಗಿತ್ತು. ಒಮ್ಮೆ ಗಂಡ ಜ್ವರ ಎಂದರು, ಇನ್ನೊಮ್ಮೆ ಹಳೆಯ ಸಹೋದ್ಯೋಗಿಯ ಮನೆಯ ಸಮಾರಂಭ ಎಂದರು. ಬರುವ ಮಂಗಳವಾರ ಮೂರನೆಯ ದಿನ. ಈ ಸಲವೂ ತಪ್ಪಿಸಿಕೊಂಡರೆ ಬೇರೆ ಡಾಕ್ಟರನ್ನು ಹುಡುಕಿಕೊಳ್ಳಿ ಎಂದು ಕಡ್ಡಿ ಮುರಿದಂತೆ ಹೇಳಿದ್ದಾರೆ.

"ಮೂವತ್ತು ಅಂತಸ್ತಿನ ಗುಂಡಿಗೆ ಇಳೀತಿದ್ದ ಮನುಷ್ಯ, ಚಾಕು ಅಂದ್ರೆ ಹೆದರ್ತಾರೆ," ಎಂದು ಹೇಳಿ ಈಕೆ ನನಗೂ ಕಾಫಿ ಮಾಡಲು ಒಳಗೆ ಹೋಗುತ್ತಾರೆ.

ಗಂಡ ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸುತ್ತಾರೆ. "ಚಾಕುಗೆ ಯಾರು ಹೆದರ್ತಾರೆ ಮೇಡಂ. ನಾನು ಅವಳ ಪುಸ್ತಕ ಎಲ್ಲಾ ಓದಿದೀನಿ. ಕಾಲು ವಾಸಿ ಆದ್ಮೇಲೆ ಆ ಕ್ಯಾಪ್ಟನ್ ಏನಾದ ಅಂತ ಒಂದ್ರಲ್ಲಾದ್ರೂ ಇದೆಯಾ? ಕೋಲು ಬಿಸಾಕಿದ, ಮದುವೆ ಆಯ್ತು, ಮುಗೀತು. ಮಾರನೇ ಬೆಳಿಗ್ಗೆ ಇವಳು ಇನ್ನೊಬ್ಬ ಗಾಯಾಳು ಜೊತೆ ಕೂತಿರ್ತಾಳೆ."

ನಾನು ಟಿಪ್ಪಣಿ ಪುಸ್ತಕ ಮುಚ್ಚಿಡುತ್ತೇನೆ.

"ಈಗ ಎದ್ದು ತೋರ್ಸಿ, ನಡೆದು ತೋರ್ಸಿ ಅಂತಾಳೆ. ಅಷ್ಟು ಹೊತ್ತಾದ್ರೂ ಕಣ್ಣಿಟ್ಟು ನನ್ನೇ ನೋಡ್ತಾಳೆ. ನೆಟ್ಟಗೆ ನಡೆಯೋ ಗಂಡನ್ನ ಯಾರು ನೋಡ್ತಾರೆ?"

ಈಕೆ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ. ಎಲ್ಲ ಕೇಳಿಸಿದೆ. ಲೋಟವನ್ನು ನನ್ನ ಮುಂದಿಟ್ಟು, ಕೈ ಒರೆಸಿಕೊಂಡು, ಗಂಡನ ಎದುರು ಕುರ್ಚಿ ಎಳೆದು ಕೂರುತ್ತಾರೆ. ಮುಖ ಕೆಂಪಗಾಗಿದೆ.

"ನಿಮಗೆ ಕಾಗದದ ಮೇಲಿರೋ ಮನುಷ್ಯನ ಮೇಲೆ ಹೊಟ್ಟೆಉರಿ. ನನಗೆ ಯಾರ ಮೇಲೆ ಗೊತ್ತಾ? ಆಸ್ಪತ್ರೆಲಿ ನಿಮಗೆ ಡ್ರೆಸಿಂಗ್ ಮಾಡ್ತಿದ್ಲಲ್ಲ, ಆ ನರ್ಸ್ ಮೇಲೆ."

"ಅವಳ ಮೇಲೆ ಯಾಕೆ? ಅವಳಿಗೆ ಮೊಮ್ಮಕ್ಕಳಿದ್ವು ಕಣೆ."

"ಇರ್ಲಿ. ಪರದೆ ಎಳೆದು ನನ್ನ ಆಚೆ ಕಳಿಸ್ತಿದ್ರು. ನೀವು ಒಳಗೆ ಅಮ್ಮಾ ಅಂತ ಕೂಗ್ತಿದ್ರಿ, ಅವಳ ಕೈ ಹಿಡ್ಕೊಳ್ಳೋದು ಪರದೆ ಸಂದೀಲಿ ಕಾಣ್ತಿತ್ತು. ಪರದೆ ಸರಿಸಿ ನಾನು ಬಂದ್ರೆ, ಏನಿಲ್ಲ, ಚೆನ್ನಾಗಿದೀನಿ, ನೀನು ಮನೆಗೆ ಹೋಗು ಅಂತಿದ್ರಿ. ದಿನಾ ಇದೇ. ಆರು ವರ್ಷದಿಂದ ಚೆನ್ನಾಗಿದೀನಿ ಅಂತಾನೇ ಹೇಳ್ತಿದೀರ. ಪುಸ್ತಕದಲ್ಲಿ ಅವನು ಎಷ್ಟೇ ಗತ್ತಿನೋನಾದ್ರೂ ಕೊನೆಗೊಂದ್ಸಲ ಅವಳ ಹತ್ರ ನೋವಾಗ್ತಿದೆ ಅಂತ ಹೇಳ್ತಾನೆ. ಆ ಪುಟ ಬರೆಯೋಕೆ ನಾನು ಬೆಳಿಗ್ಗೆ ಏಳ್ತೀನಿ."

ಬೀದಿಯಲ್ಲಿ ಯಾರದೋ ಅಂಗಡಿಯ ಷಟರ್ ಮೇಲೇರುವ ಸದ್ದು. ಗಂಡ ಕೋಲಿನ ಹಿಡಿಯನ್ನು ತಿರುಗಿಸುತ್ತ ಕೂತಿದ್ದಾರೆ.

"ನೋವಾಗುತ್ತೆ," ಎನ್ನುತ್ತಾರೆ ಕೊನೆಗೆ. "ಎದ್ದು ತೋರ್ಸಿ ಅಂತೀಯಲ್ಲ, ಆಗ ತುಂಬಾ ಆಗುತ್ತೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೇಳೋದು ಬಿಟ್ಬಿಡ್ತಿದ್ದೆ."

ಈಕೆ ಮೇಜಿನ ಕೆಳಗೆ ಕೈ ಚಾಚಿ ಆ ಎಡಗಾಲಿನ ಮಂಡಿಯನ್ನು ಹಿಡಿದುಕೊಳ್ಳುತ್ತಾರೆ, ಬಿಡುವುದಿಲ್ಲ. ಕಣ್ಣು ತುಂಬಿದೆ, ಒರೆಸಿಕೊಳ್ಳಲು ಇನ್ನೊಂದು ಕೈಯೂ ಮೇಲೇಳುವುದಿಲ್ಲ. ನಾನು ಕಾಫಿ ಕುಡಿಯುವ ನೆಪದಲ್ಲಿ ಕಿಟಕಿ ನೋಡುತ್ತೇನೆ. ಬರುವಾಗ ಈಕೆಗಿರುವ ಓದುಗರ ಬಗ್ಗೆ ಇದ್ದ ನನ್ನ ಹೊಟ್ಟೆಕಿಚ್ಚು ಇಷ್ಟರಲ್ಲಿ ಜಾಗ ಬದಲಿಸಿದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಒಬ್ಬರಿಗಾಗಿ ಒಬ್ಬರು ಹೀಗೆ ಉರಿದುಕೊಳ್ಳುವ ಜನರನ್ನು ಕಂಡು ಯಾರಿಗೆ ತಾನೇ ಉರಿಯುವುದಿಲ್ಲ?

ಇಂಥ ಲೇಖನಗಳಿಗೆ ಒಂದು ಕೊನೆಯ ಪ್ರಶ್ನೆ ಇರಲೇಬೇಕು. ನಿಮ್ಮ ಆಸೆ ಏನು, ರಕ್ಷಾಪುಟದ ಮೇಲೆ ಹೆಸರು ಬರಬೇಕೆ ಎಂದು ಕೇಳುತ್ತೇನೆ.

"ಬಂದ್ರೆ ಬರ್ಲಿ, ಬೇಡ ಅನ್ನಲ್ಲ," ಎನ್ನುತ್ತಾರೆ ಈಕೆ, ಮಂಡಿಯ ಮೇಲಿನ ಕೈ ತೆಗೆಯದೆಯೇ. "ಮಂಗಳವಾರ ಆಪರೇಷನ್. ಡ್ರೆಸಿಂಗ್ ಮಾಡುವಾಗ ನಾನು ಪರದೆ ಒಳಗಿರಬೇಕು. ಡಾಕ್ಟರ್ ಹತ್ರ ಕೇಳ್ಕೊಂಡಿದೀನಿ, ಆಗ್ಲಿ ಅಂದಿದಾರೆ. ಇನ್ನು ಇವರು ಹೂಂ ಅನ್ನಬೇಕು."

ಗಂಡ ನನ್ನನ್ನು ನೋಡುತ್ತಾರೆ, ಹೆಂಡತಿಯನ್ನು ನೋಡುತ್ತಾರೆ.

"ಕಿರುಚ್ತೀನಿ ನೋಡು."

"ಕಿರುಚಿ," ಎನ್ನುತ್ತಾರೆ ಈಕೆ. "ಕೇಳಬೇಕು ಅಂತಾನೇ ಬರ್ತಿರೋದು."